ಬೋಟಿನ ಹೆಸರಿಟ್ಟುಕೊಂಡ ಶ್ರೀಲತಾ

“ನಾನ್ ನನ್ ಹೆಸ್ರ್ ಹೇಳ್ಲಿಲ್ಲೆ ಹೆಣೆ. ಊರ್ ಹೇಳ್ಲಿಲ್ಲೆ. ಪಟ ಕೊಡ್ಲಿಲ್ಲೆ. ಕಂಪ್ಯೂಟರ್ ಕಲಿಸ್ತಿದ್ ಮೇಡಮ್ ಮೊದ್ಲೇ ಹೇಳಿದ್ರ್, ಚಾಟಿಗ್ ಹೋರೆ ನಿಮ್ ಹೆಸ್ರ್, ನಿಮ್ ಊರ್, ಮನಿ ಫೋನ್ ನಂಬ್ರ ಯಾರಿಗೂ ಕೊಡುಕಾಗ ಅಂದೇಳಿ. ನಾನ್ ಕೊಡ್ಲೇ ಇಲ್ಲೆ. ಆ ಸೈಬರಲ್ಲಿ ಒಬ್ಬೊಬ್ರಿಗ್ ಒಂದೊಂದ್ ಗೂಡ್ ಇದ್ದಿತ್ತ್, ಗೂಡಿಗೊಂದ್ ನೀಲಿ ಪರದೆ. ಪರದೆ ಎಳ್ಕಂಡ್ ಕೂಕಂಡ್ರೆ ಇಲ್ಲಿ ನಾನೊಬ್ಳೇ, ಅಲ್ಲಿ ಅವ ಒಬ್ನೇ ಅಂದ್ಕಂಡಿದ್ದೆ. ಅವ ಕೂಕಂಡಲ್ಲಿ ಪರದೆ ಇತ್ತಾ ಇಲ್ಯಾ ಅಂದೇಳಿ ನಾನ್ ಕೇಣ್ಲಿಲ್ಲೆ. ಅವ್ನ ಬೆನ್ನಿನ ಹಿಂದ್ ಯಾರ್ ನಿಂತ್ಕಂಡಿದ್ರ್ ಅಂದೇಳಿ ಕೇಣ್ಲಿಲ್ಲೆ. ಕೇಣ್ಕ್ ಅಂದೇಳಿ ತಲಿಗೇ ಹೋಯ್ಲಿಲ್ಲೆ. ಹೆಸ್ರ್ ಎಂತ ಹಾಕುದ್ ಅಂದಾಗ ಸಿನಿಮಾ ಹೆಣ್ಮಕ್ಳ ಹೆಸ್ರೆಲ್ಲ ಬೇರೆಯವ್ರ್ ತೆಕಂಡಾಯಿತ್ತ್. ನಮ್ ಬೋಟಿನ ಹೆಸ್ರ್ ಹಾಕ್ದೆ, ಅಮ್ಮಣ್ಣಿ ಅಂದೇಳಿ. ಕೂಡ್ಲೆ ತೆಕಂಡ್ತ್. ನಂಗ್ ಎಷ್ಟ್ ಖುಷಿ ಗೊತ್ತಿತ್ತಾ? ಈ ಹೆಸ್ರ್ ಲೋಕದಲ್ಲ್ ಇನ್ಯಾರಿಗೂ ಇಲ್ಲೆ ಅಂದೇಳಿ. ನಮ್ಮಲ್ಲಿ ಬೋಟಿನ ಹೆಸ್ರ್ ಅಡಗ್ಸುದ್ ಯಾರ್ ಹೇಳ್? ಅದ್ ಕೂಗುಕೇ ಇಪ್ಪುದಲ್ದಾ? ನಂದೆಲ್ಲ ಅಡಗ್ಸಿದೆ ಹೆಣೆ. ಅಡಗ್ಸದೇ ಕೊಟ್ಟದ್ದ್ ಅಕ್ಕಂದ್.”

ಇಷ್ಟನ್ನು ಶ್ರೀಲತಾ ಹೇಳಿದ್ದು ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ನನ್ನ ಮೊಮ್ಮಗಳು ಶ್ರಾವ್ಯಳಿಗೆ. ಎರಡು ಸಾವಿರದ ಹದಿನಾಲ್ಕನೇ ಇಸವಿಯ ಒಂದು ಸಂಜೆ. ನಾನು ಪಕ್ಕದಲ್ಲೇ ಕುಳಿತು ಹೆಸರುಕಾಳು ಆರಿಸುತ್ತಿದ್ದೆ. ನಾವು ಗಂಗೊಳ್ಳಿಯವರು. ಅವರ ಮನೆಗೂ ನಮ್ಮ ಮನೆಗೂ ಬಾವಿ ಒಂದೇ. ಶ್ರೀಲತಾ ಹುಟ್ಟಿದ ದಿನದಿಂದ ಅವಳನ್ನು ನೋಡಿದ್ದೇನೆ. ಆದರೂ ಈ ಮಾತನ್ನು ಅವಳ ಬಾಯಿಂದ ಪೂರ್ತಿಯಾಗಿ ಕೇಳಿದ್ದು ಆ ಸಂಜೆಯೇ. ಮನೆಯವರ ಹೊರತು ಯಾರಿಗೂ ಹೇಳದೆ ಹತ್ತು ವರ್ಷ ಅದನ್ನು ನುಂಗಿಕೊಂಡೇ ಇದ್ದಳು.

ಹೇಳುವ ಹಾಗೆ ಮಾಡಿದ್ದು ಶ್ರಾವ್ಯಳ ಕೈಯಲ್ಲಿದ್ದ ಮೊಬೈಲು. ಕಾಲೇಜಿನ ಮಕ್ಕಳೆಲ್ಲ ಸೇರಿ ಅದರಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದರು. ಇವಳ ಗೆಳತಿ ಅಮಿತಾಳಿಗೆ ಏನೋ ಮೈಯ ತೊಂದರೆ. ಹೊರಗೆ ಹೇಳುವಂಥದ್ದಲ್ಲ. ಅದಕ್ಕೆ ಯಾರಿಗಾದರೂ ಔಷಧಿ ಗೊತ್ತೇ ಎಂದು ಶ್ರಾವ್ಯ ಗ್ರೂಪಿನಲ್ಲಿ ಕೇಳಲು ಹೊರಟಿದ್ದಳು. ಬರೆದದ್ದನ್ನು ಶ್ರೀಲತಾಳಿಗೆ ಓದಿ ಹೇಳಿದಳು.

“ಹೆಸ್ರ್ ಹಾಕ್ಲಿಲ್ಲೆ ಚಿಕ್ಕಿ. ‘ನನ್ನ ಒಬ್ಳ್ ಫ್ರೆಂಡ್’ ಅಂದೇಳಿ ಅಷ್ಟೇ ಬರ್ದದ್ದ್. ಯಾರಿಗೆ ಗೊತ್ತಾತ್ತ್?”

ಶ್ರೀಲತಾಳ ಮುಖ ಬಾಡಿತು. “ಕಳ್ಸಿದ್ಯಾ?” ಎಂದಳು.

“ಇನ್ನೂ ಇಲ್ಲೆ.”

“ಕಳ್ಸ್‌ಬೇಡ. ಒಂಚೂರ್ ಕೂಕೋ. ನಾನೊಂದ್ ಹೇಳ್ತೆ.”

ಆಗ ಹೇಳಿದ್ದು ಮೇಲಿನ ಮಾತು. ಉಳಿದದ್ದನ್ನು ನಾನು ಕಂಡಂತೆ, ಕೇಳಿದಂತೆ ಬರೆಯುತ್ತೇನೆ.

ಅವಳ ಅಪ್ಪಯ್ಯ ಪಾಂಡಣ್ಣ. ಸಾಲದ ಬೋಟಲ್ಲ, ಪಾಲಿನ ಬೋಟಲ್ಲ, ಸ್ವಂತದ ಬೋಟು ನೀರಿಗೆ ಇಳಿಸಿದ ದಿನ ಅವನು ತನ್ನ ತಾಯಿಯನ್ನು ನೆನೆದು ಅತ್ತದ್ದು ನನಗೆ ನೆನಪಿದೆ. ಬುಟ್ಟಿ ಹೊತ್ತು ಮೀನು ಮಾರಿ ಅವನನ್ನು ಸಾಕಿದ ತಾಯಿ, ಅಮ್ಮಣ್ಣಿ. ನಮ್ಮಲ್ಲಿ ಬೋಟಿಗೆ ದೇವರ ಹೆಸರಿಡುವುದು ವಾಡಿಕೆ. ಒಂದೇ ದೇವರ ಹೆಸರಿನ ಬೋಟು ಬಂದರಿನಲ್ಲಿ ಹತ್ತು ಸಿಗುತ್ತವೆ. ಪಾಂಡಣ್ಣ ಮಾತ್ರ ತಾಯಿಯ ಹೆಸರನ್ನೇ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ. ಮಲ್ಪೆಯಿಂದ ಭಟ್ಕಳದವರೆಗೆ ಆ ಹೆಸರಿನ ಬೋಟು ಅದೊಂದೇ. ಜನ ಅವನನ್ನೂ ಹಾಗೆಯೇ ಕರೆಯತೊಡಗಿದರು. “ಅಮ್ಮಣ್ಣಿ ಪಾಂಡಣ್ಣ ಬಂದ್ರ್, ದಾರಿ ಬಿಡಿ” ಎನ್ನುವರು ಬಂದರಿನಲ್ಲಿ.

ಬೋಟಿನಲ್ಲಿ ವೈರ್‌ಲೆಸ್ ಇತ್ತು. ಒಬ್ಬರು ಮಾತಾಡಿದರೆ ಸುತ್ತಲಿನ ಬೋಟಿನವರಿಗೆಲ್ಲ ಕೇಳುತ್ತದೆ. ಆದ್ದರಿಂದ ಮೀನು ಸಿಕ್ಕಿದ ಜಾಗವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಪಾಂಡಣ್ಣನದು ಒಂದು ಉಪಾಯ. ಬಲೆ ತುಂಬಿದರೆ ತನ್ನ ಕಡೆಯ ಬೋಟಿನವರಿಗೆ, “ಅಮ್ಮಣ್ಣಿಗೆ ಜ್ವರ ಜೋರಿತ್ತ್, ಔಷಧಿ ತಕಂಡ್ ಬನ್ನಿ” ಎನ್ನುತ್ತಿದ್ದ. ಖಾಲಿಯಾದರೆ, “ಅಮ್ಮಣ್ಣಿ ಹುಷಾರಿತ್ತ್, ಗಂಜಿ ಉಂಡ್ ಮಲ್ಕಂಡಿತ್ತ್.” ಮನೆಗೆ ಬಂದು ಅದನ್ನು ಹೇಳಿದರೆ ಇಬ್ಬರು ಹೆಣ್ಣುಮಕ್ಕಳೂ ಹೊಟ್ಟೆ ಹಿಡಿದುಕೊಂಡು ನಗುವರು. ಯಾವ ಮಾತು ಎಷ್ಟು ದೂರ ಹೋಗುತ್ತದೆ ಎಂದು ಬಲ್ಲ ಮನೆ ಅದು. ಅಂಥ ಮನೆಯಲ್ಲಿ ಬೆಳೆದವಳು ಶ್ರೀಲತಾ.

ದೊಡ್ಡವಳು ರತ್ನ. ಇಬ್ಬರಿಗೂ ನಾಲ್ಕೈದು ವರ್ಷದ ಅಂತರ. ರತ್ನ ಗಟ್ಟಿ ಹೆಣ್ಣು, ಮಾತು ಕಡಿಮೆ. ಚಿಕ್ಕವಳ ಬಾಯಿ ಮುಚ್ಚುವುದೇ ಇಲ್ಲ. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಇಬ್ಬರೂ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದನ್ನು ನಾನು ಬಾವಿಕಟ್ಟೆಯಿಂದ ಎಷ್ಟೋ ಸಲ ಕಂಡಿದ್ದೆ. “ಎಂತ ಗುಟ್ಟಾ ನಿಮ್ದ್?” ಎಂದರೆ ಶ್ರೀಲತಾ, “ಅಕ್ಕಂಗ್ ಎಣ್ಣಿ ಹಚ್ಚುದ್ ದೊಡ್ಡಮ್ಮ, ನೀವೂ ಬತ್ರ್ಯಾ? ಇಬ್ರಿಗೂ ಸೇರ್ಸಿ ತಿಕ್ತೆ” ಎಂದು ನಗುವಳು. ಅಕ್ಕತಂಗಿಯರ ಅಕ್ಕರೆ ಎಂದುಕೊಂಡು ನಾನೂ ನಗುತ್ತಿದ್ದೆ.

ಗುಟ್ಟು ಏನೆಂದು ಗೊತ್ತಾದದ್ದು ಆಮೇಲೆ. ರತ್ನಳಿಗೆ ಹದಿನಾರು ತುಂಬಿದಾಗ ಬಲಗಡೆಯ ಹೆಗಲಿನ ಕೆಳಗೆ, ಬೆನ್ನಿನ ಮೇಲೆ, ಒಂದು ಬಿಳಿ ಮಚ್ಚೆ ಎದ್ದಿತ್ತು. ತೊನ್ನು. ಅದು ಅಂಟುವ ರೋಗವಲ್ಲ, ನೋವೂ ಇಲ್ಲ ಎಂದು ಡಾಕ್ಟರರು ಹೇಳಿದ್ದರು. ಆದರೆ ಹೆಣ್ಣು ಕೇಳಲು ಬರುವವರು ಡಾಕ್ಟರರ ಮಾತು ಕೇಳಿಕೊಂಡು ಬರುತ್ತಾರೆಯೇ? ಅವಳ ಅಬ್ಬಿ, ಎಂದರೆ ತಾಯಿ, ಅದನ್ನು ಗಂಡನಿಗೂ ಹೇಳಲಿಲ್ಲ. ಬಸ್ಸು ಹತ್ತಿ ಸಿದ್ದಾಪುರದ ಕಡೆಯ ಒಬ್ಬ ಪಂಡಿತರಿಂದ ಎಣ್ಣೆ ತಂದಳು. ರತ್ನಳ ಕೈ ಆ ಜಾಗಕ್ಕೆ ಎಟುಕದು, ಕಣ್ಣಿಗೂ ಅದು ಕಾಣದು. ಹಚ್ಚುವ ಕೆಲಸ ತಂಗಿಯದಾಯಿತು. ತಂಗಿ ಹಚ್ಚಿ, ಕಡಲ ದಂಡೆಯ ಚಿಪ್ಪಿಗೆ ಹೋಲಿಸಿ ದಿನಾ ಸುದ್ದಿ ಹೇಳಬೇಕು. “ಚಿಪ್ಪಿನಷ್ಟೇ ಇತ್ತ್ ಅಕ್ಕ. ದೊಡ್ಡ ಆಯ್ಲಿಲ್ಲೆ.” ಆ ಮಾತು ಕೇಳಿದ ಮೇಲೆಯೇ ರತ್ನ ತಲೆಗೆ ನೀರು ಹೊಯ್ದುಕೊಳ್ಳುವುದು.

ಶ್ರೀಲತಾ ಪಿಯುಸಿ ಮುಗಿಸಿ ಕುಂದಾಪುರಕ್ಕೆ ಕಂಪ್ಯೂಟರ್ ಕಲಿಯಲು ಹೋಗತೊಡಗಿದಳು. ಹೊಳೆ ದಾಟುವ ದೋಣಿಯಲ್ಲಿ ಹೋಗಿ ಸಂಜೆ ಹಿಂದೆ ಬರುವಳು. ಕ್ಲಾಸು ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಮಹಡಿಯ ಸೈಬರಿಗೆ ಗೆಳತಿಯರ ಜೊತೆ ಹೋಗುವ ರೂಢಿಯಾಯಿತು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕಂಡರಿಯದವರ ಜೊತೆ ಮಾತಾಡುವುದು. ನಮ್ಮ ಕರಾವಳಿಯವರೇ ಸೇರುವ ಒಂದು ಜಾಗ ಆ ಚಾಟಿನೊಳಗೆ ಇತ್ತಂತೆ. ಅಲ್ಲಿ ವಿಶಾಲ್ ಎಂಬ ಹೆಸರಿನವನೊಬ್ಬ ಪರಿಚಯವಾದ. ತಾನು ಮುಂಬೈಯಲ್ಲಿ ಇದ್ದೇನೆ, ಚರ್ಮದ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೆಲಸ ಎಂದು ಹೇಳಿಕೊಂಡಿದ್ದ.

“ಇದೆಂತ ಅಜ್ಜಿ ಹೆಸ್ರ್ ಇಟ್ಕಂಡಿದ್ದೆ?” ಎಂದು ಮೊದಲ ದಿನವೇ ಕೇಳಿದನಂತೆ.

“ಅಜ್ಜಿ ಹೆಸ್ರೇ. ನಮ್ ಬೋಟಿಗೂ ಅದೇ” ಎಂದು ಇವಳು ಬರೆದಳು. ಅಲ್ಲಿಗೆ ಆ ಮಾತು ಮುಗಿಯಿತು. ಮುಗಿಯಿತು ಎಂದು ಇವಳು ತಿಳಿದಳು.

ಅವನು ಮದುವೆಯಾಗು ಎನ್ನಲಿಲ್ಲ, ಪಟ ಕಳಿಸು ಎನ್ನಲಿಲ್ಲ. ಹಾಗೆಂದೇ ಒಳ್ಳೆಯವನು ಎಂದು ಇವಳು ನಂಬಿದ್ದು. ಊಟ ಏನು, ಮುಂಬೈಯಲ್ಲಿ ಮಳೆಯೇ, ಇಂಥ ಮಾತುಗಳೇ. ನಡುನಡುವೆ ಅವನು ಡಾಕ್ಟರರ ಹಾಗೆ ದೊಡ್ಡ ದೊಡ್ಡ ಮಾತು ಹೇಳುವನು.

ಹಾಗಿರುವಾಗ ರತ್ನಳಿಗೆ ಸಂಬಂಧ ಬಂತು. ಬ್ರಹ್ಮಾವರದ ಆಚೆ, ಹಂಗಾರಕಟ್ಟೆಯವರು. ಹುಡುಗ ಚಂದ್ರ ಮೀನಿನ ಲಾರಿ ಇಟ್ಟುಕೊಂಡಿದ್ದ. ನೋಡಲು ಬಂದ ದಿನ ಅವನು ಚಹಾ ಕುಡಿಯುವುದನ್ನು ಮರೆತು ರತ್ನಳನ್ನೇ ನೋಡುತ್ತಿದ್ದ. ಚಹಾದ ಮೇಲೆ ಕೆನೆ ಕಟ್ಟಿತು. “ಹ್ವಾಯ್, ಲೋಟಕ್ಕೆ ಎರಡ್ ಕಣ್ಣ್ ಇದ್ದಿದ್ರೆ ಅದನ್ನೂ ಒಂದ್ಸಲ ಕಾಂತಿದ್ರೋ ಏನೋ” ಎಂದು ಶ್ರೀಲತಾ ಬಾಗಿಲ ಸಂದಿಯಿಂದ ಹೇಳಿದಳು. ಎಲ್ಲರೂ ನಕ್ಕರು. ರತ್ನ ನಕ್ಕದ್ದನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ದಿನ. ಅವಳಿಗೂ ಅವನು ಮನಸ್ಸಿಗೆ ಬಂದಿದ್ದ.

ಆ ವಾರದಿಂದ ಶ್ರೀಲತಾಳಿಗೆ ಒಂದೇ ಚಿಂತೆ. ಮದುವೆಯ ಒಳಗೆ ಅಕ್ಕನ ಬೆನ್ನು ಗುಣವಾಗಬೇಕು. ಪಂಡಿತರ ಎಣ್ಣೆ ನಿಧಾನ. ಚರ್ಮದ ಡಾಕ್ಟರರ ಹತ್ತಿರವೇ ಇರುವವನು ಗೊತ್ತಿರುವಾಗ ಕೇಳದೆ ಇರುವುದು ಹೇಗೆ? ಕೇಳಿದಳು. ಅಕ್ಕನ ಹೆಸರು ಹೇಳಲಿಲ್ಲ. ಬಲಗಡೆಯ ಹೆಗಲಿನ ಕೆಳಗೆ, ಚಿಪ್ಪಿನಷ್ಟು, ಇಷ್ಟು ವರ್ಷದಿಂದ ಇದೆ, ಪಂಡಿತರ ಎಣ್ಣೆ ಹಚ್ಚುತ್ತಿದ್ದೇವೆ, ಹಂಗಾರಕಟ್ಟೆಯವರ ಜೊತೆ ನಿಶ್ಚಯ ಆಗುವುದಿದೆ, ಬೇಗ ಹೋಗುವ ಮುಲಾಮು ಉಂಟೇ? ಅವನು, “ಡಾಕ್ಟರ್ ಹತ್ರ ಕೇಂಡ್ ಹೇಳ್ತೆ” ಎಂದ. ಅವಳು ಕುಣಿಯುತ್ತ ದೋಣಿ ಹತ್ತಿ ಮನೆಗೆ ಬಂದಳಂತೆ. ಅಕ್ಕನಿಗೆ ಏನೂ ಹೇಳಲಿಲ್ಲ. ಮುಲಾಮು ಬಂದ ಮೇಲೆ ಕೈಯಲ್ಲಿ ಹಿಡಿದು ತೋರಿಸಬೇಕು ಎಂದಿದ್ದಳು.

ಮುಲಾಮು ಬರಲಿಲ್ಲ. ಹಂಗಾರಕಟ್ಟೆಯಿಂದ ಚಂದ್ರನ ಸೋದರತ್ತೆ ಪುಷ್ಪಕ್ಕ ಬಂದಳು. ಜೊತೆಗೆ ಇನ್ನಿಬ್ಬರು ಹೆಂಗಸರು. ನಿಶ್ಚಯದ ಮಾತಿಗೇ ಬಂದರು ಎಂದುಕೊಂಡು ರತ್ನಳ ಅಬ್ಬಿ ನನ್ನನ್ನು ಚಹಾ ಮಾಡಲು ಕರೆದಳು. ನಾನು ಒಳಗೆ ಒಲೆಯ ಹತ್ತಿರ ಇದ್ದೆ. ಪುಷ್ಪಕ್ಕ ಮನೆಯ ಗಂಡಸರನ್ನೆಲ್ಲ ಹೊರಗೆ ಬಿಟ್ಟು, ನಡುಮನೆಯ ಬಾಗಿಲು ತಾನೇ ಮುಂದೆ ಮಾಡಿದಳು.

“ಬೇಜಾರ್ ಮಾಡ್ಕಂಬ್ದ್ ಬೇಡ. ನಾವೆಲ್ಲ ಹೆಂಗಸ್ರೇ. ಹೆಣ್ಣಿನ ಬೆನ್ನ್ ಒಂದ್ಸಲ ಕಾಣ್ಕಿತ್ತ್.”

“ಎಂತದ್? ಬೆನ್ನಾ?” ಅಬ್ಬಿಯ ದನಿ ಏರಿತು. “ನೀವ್ ಹೆಣ್ಣ್ ಕೇಂಬುಕೆ ಬಂದದ್ದಾ, ಎಮ್ಮೆ ತಕಂಬುಕೆ ಬಂದದ್ದಾ?”

“ಬೈರೂ ಅಡ್ಡಿಲ್ಲೆ. ಬಲದ್ ಹೆಗಲಿನ ಕೆಳಗ್ ಅಂಬ್ರ್. ಚಿಪ್ಪಿನಷ್ಟ್ ದೊಡ್ಡದ್ ಅಂಬ್ರ್. ಸುಳ್ಳಾರೆ ನಾನೇ ಹೆಣ್ಣಿನ ಕಾಲ್ ಹಿಡ್ದ್ ತಪ್ಪಾಯ್ತ್ ಅಂದೇಳಿ ಹೇಳ್ತೆ.”

ಚಿಪ್ಪಿನಷ್ಟು. ಆ ಮಾತು ಬಿದ್ದದ್ದೇ ರತ್ನ ತಲೆ ಎತ್ತಿ ತಂಗಿಯನ್ನು ನೋಡಿದಳು. ತನ್ನ ಕಣ್ಣಿಗೆ ಕಾಣದ ಆ ಮಚ್ಚೆಗೆ ಆ ಅಳತೆ ಕೊಟ್ಟವಳು ಒಬ್ಬಳೇ. ಬೆಳಿಗ್ಗೆ ಬೆಳಿಗ್ಗೆ, ಬಚ್ಚಲ ಬಾಗಿಲು ಹಾಕಿಕೊಂಡು, ಕಿವಿಯ ಹತ್ತಿರ ಹೇಳುತ್ತಿದ್ದ ಮಾತು ಅದು. ಶ್ರೀಲತಾಳ ಮುಖ ಮೇಣದ ಹಾಗೆ ಆಗಿತ್ತು.

ಅಬ್ಬಿ ಇನ್ನೂ ಕೂಗಾಡುತ್ತಿದ್ದಳು. ರತ್ನ, “ಸುಮ್ನಿರ್ ಅಬ್ಬಿ” ಎಂದಳು. ಗೋಡೆಯ ಕಡೆ ತಿರುಗಿ ನಿಂತು, ಸೆರಗು ಸರಿಸಿ, ರವಕೆಯ ಹುಕ್ಕು ತಾನೇ ಬಿಚ್ಚಿದಳು. ಬಂದ ಮೂವರೂ ನೋಡಿದರು. ನಾನು ನೋಡಲಿಲ್ಲ. ಉಕ್ಕುತ್ತಿದ್ದ ಚಹಾವನ್ನು ಇಳಿಸಿ ಅಲ್ಲೇ ನಿಂತೆ. ಪುಷ್ಪಕ್ಕನೂ ಕೆಟ್ಟವಳಲ್ಲ. ಅವಳ ಕಣ್ಣಲ್ಲಿ ನೀರಿತ್ತು. “ಹೆಣ್ಣ್ ಲಾಯಕ್ ಇತ್ತ್. ನಮ್ ಹಣಿಬರ ಇಲ್ಲೆ” ಎಂದು ಹೇಳಿ, ಚಹಾ ಮುಟ್ಟದೆ ಹೋದಳು.

ಅವರು ಹೋದ ಮೇಲೆ ಮನೆಯಲ್ಲಿ ಆದದ್ದು ದೊಡ್ಡ ಜಗಳವಲ್ಲ. ಜಗಳವಾಗಿದ್ದರೆ ಒಳ್ಳೆಯದಿತ್ತೋ ಏನೋ. ಶ್ರೀಲತಾ ಅಕ್ಕನ ಕಾಲ ಬುಡದಲ್ಲಿ ಕುಳಿತು ಅಳುತ್ತ ಎಲ್ಲ ಹೇಳಿದಳು. “ನಾನ್ ನಿನ್ ಹೆಸ್ರ್ ಹೇಳ್ಲಿಲ್ಲೆ ಅಕ್ಕ, ನನ್ನಾಣಿ. ನಿಂಗ್ ಗುಣ ಆಗ್ಲಿ ಅಂದೇಳಿ ಕೇಂಡದ್ದ್.”

ರತ್ನ ರವಕೆಯ ಹುಕ್ಕು ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ಹೇಳಿದಳು. “ಬೆನ್ನ್ ನಂದಲ್ದಾ ಹೆಣೆ. ನಂಗೇ ಕಾಂತಿಲ್ಲೆ ಅದ್. ನಿನ್ ಕಣ್ಣಲ್ಲಿ ಕಾಂಬ್ದ್ ನಾನ್ ಅಂದೇಳಿ ನಿಂಗ್ ತೋರ್ಸಿದ್ದ್.”

ಅಷ್ಟೇ ಹೇಳಿದಳು. ಆಮೇಲೆ ಹತ್ತು ವರ್ಷ ಅದರ ಬಗ್ಗೆ ಅವಳು ಬಾಯಿ ಬಿಡಲಿಲ್ಲ.

ಮಾತು ಹೋದ ದಾರಿಯನ್ನು ನಮಗೆ ಹೇಳಿದವನು ಪಾಂಡಣ್ಣನ ಬೋಟಿಗೆ ಹೋಗುತ್ತಿದ್ದ ಕರಿಯಣ್ಣ. ಅವನಿಗೆ ಹಂಗಾರಕಟ್ಟೆಯಲ್ಲಿ ನೆಂಟರಿದ್ದರು. ವಿಶಾಲ್ ಎಂಬವನ ಹೆಸರು ವಿಶಾಲ್ ಅಲ್ಲ. ಅವನು ಮುಂಬೈ ಕಂಡವನೂ ಅಲ್ಲ. ಬ್ರಹ್ಮಾವರದ ಒಂದು ಸೈಬರಿನಲ್ಲಿ ಕೂರುತ್ತಿದ್ದ. ಅಲ್ಲಿ ಗೂಡೂ ಇಲ್ಲ, ಪರದೆಯೂ ಇಲ್ಲ. ಒಬ್ಬ ಕುರ್ಚಿಯಲ್ಲಿ ಕುಳಿತು ಕುಟ್ಟಿದರೆ ನಾಲ್ಕು ಜನ ಗೆಳೆಯರು ಹಿಂದೆ ನಿಂತು ಓದಿ ನಗುವುದು. ಒಂದು ವರ್ಷ ಇವಳು ಹೇಳಿದ ಊಟ, ತಿಂಡಿ, ಮಳೆ, ಎಲ್ಲವನ್ನೂ ಅವರೆಲ್ಲ ಸೇರಿಯೇ ಓದಿದ್ದರು. ಬೆನ್ನಿನ ಮಾತು ಬಂದ ದಿನ ಹಿಂದೆ ನಿಂತವರಲ್ಲಿ ಮೀನಿನ ಏಜೆಂಟರೊಬ್ಬರ ಮಗ ಇದ್ದ. “ಅಮ್ಮಣ್ಣಿ ಅಂದ್ರೆ ಗಂಗೊಳ್ಳಿ ಪಾಂಡಣ್ಣನ ಬೋಟ್ ಅಲ್ದನಾ? ಆ ಹೆಸ್ರಿಂದ್ ಇನ್ನೊಂದ್ ಎಲ್ಲಿತ್ತ್? ಅವ್ರ ಮನಿಯಿಂದಲೇ ಅಲ್ದಾ ನಮ್ ಚಂದ್ರ ಹೆಣ್ಣ್ ತರುದ್?” ಎಂದನಂತೆ. ಅಲ್ಲಿಂದ ಪುಷ್ಪಕ್ಕನ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು?

ಅಷ್ಟಕ್ಕೇ ನಿಂತಿದ್ದರೆ ಪಾಂಡಣ್ಣ ತಡೆದುಕೊಳ್ಳುತ್ತಿದ್ದ. ಒಂದು ದಿನ ಬೋಟು ದೂರದಲ್ಲಿರುವಾಗ ವೈರ್‌ಲೆಸ್‌ನಲ್ಲಿ ಯಾರೋ ಕೂಗಿದರು.

“ಅಮ್ಮಣ್ಣಿ, ಅಮ್ಮಣ್ಣಿ, ಕೇಣ್ತಾ?”

“ಕೇಣ್ತ್, ಹೇಳಿ” ಎಂದ ಪಾಂಡಣ್ಣ.

“ಅಮ್ಮಣ್ಣಿ ಬೆನ್ನ್ ಹ್ಯಾಂಗಿತ್ತ್ ಮಾರಾಯ್ರೆ? ಎಣ್ಣಿ ಹಚ್ಚಿ ಆಯ್ತಾ?”

ಯಾವ ಬೋಟಿನವನೋ ಗೊತ್ತಾಗಲಿಲ್ಲ. ಸುತ್ತಲಿನ ಬೋಟುಗಳಲ್ಲೆಲ್ಲ ಆ ಮಾತು ಕೇಳಿತು. ಪಾಂಡಣ್ಣ ಕೈಯಲ್ಲಿದ್ದ ಮೈಕನ್ನು ಕೊಕ್ಕೆಗೆ ಸಿಕ್ಕಿಸಿ ಹೊರಗೆ ಬಂದು, ಬಲೆಯ ರಾಶಿಯ ಮೇಲೆ ಕುಳಿತುಬಿಟ್ಟ ಎಂದು ಕರಿಯಣ್ಣ ಹೇಳಿದ. ಆಮೇಲೆ ಯಾರು ಹೆಸರು ಹಿಡಿದು ಕೂಗಿದರೂ ಅವನು ವೈರ್‌ಲೆಸ್ ಎತ್ತಲಿಲ್ಲ. ಮುಂದಿನ ವರ್ಷ ಬೋಟು ಮಾರಿದ. ಕೊಂಡವರು ಕೆಂಪು ಅಕ್ಷರದ ಮೇಲೆ ಹಸಿರು ಬಳಿದು ದೇವರ ಹೆಸರು ಬರೆಸಿದರು. ಅದನ್ನು ನೋಡಿ ಬಂದ ದಿನ ಪಾಂಡಣ್ಣ ಊಟ ಮಾಡಲಿಲ್ಲ. ಮಗಳಿಗೆ ಒಂದು ಮಾತು ಬೈಯಲಿಲ್ಲ. “ನಾನಾರೂ ಹೆಣ್ಣಿಗೊಂದ್ ಹೇಳಿ ಕೊಡ್ಕಿದ್ದಿತ್ತ್. ವೈರ್‌ಲೆಸ್ಸಿನ ಹಾಂಗೇ ಅಲ್ದಾ ಆ ಚಾಟೂ?” ಎಂದು ನನ್ನ ಹತ್ತಿರ ಹೇಳಿದ್ದ. ಈಗ ಅವನೂ ಇಲ್ಲ, ಅವನ ಹೆಂಡತಿಯೂ ಇಲ್ಲ.

ಚಂದ್ರನಿಗೆ ಬೇರೆ ಕಡೆ ಮದುವೆಯಾಯಿತು. ರತ್ನಳನ್ನು ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ. ಶ್ರೀಲತಾಳನ್ನು ಕೇಳಿಕೊಂಡು ಒಂದೆರಡು ಕಡೆಯವರು ಬಂದರು. ಕೋಟೇಶ್ವರದ ಹೋಟೆಲಿನವರ ಹುಡುಗನೊಬ್ಬ ಹಟ ಹಿಡಿದೇ ಬಂದ. ಇವಳು, “ಅಕ್ಕಂದ್ ಆಯ್ಲಿ ಮೊದ್ಲ್” ಎನ್ನುವಳು. ಆಗುವುದಿಲ್ಲ ಎಂದು ಗೊತ್ತಿದ್ದೇ ಹಾಗೆ ಹೇಳುತ್ತಿದ್ದಳು. ಕುಂದಾಪುರಕ್ಕೆ ಹೋಗುವುದನ್ನು ಬಿಟ್ಟು ಊರಿನ ಐಸ್ ಪ್ಲಾಂಟಿನ ಆಫೀಸಿಗೆ ಸೇರಿದಳು. ಅಲ್ಲಿ ಕಂಪ್ಯೂಟರ್ ತಂದಾಗ, “ನಂಗ್ ಬತ್ತಿಲ್ಲೆ” ಎಂದುಬಿಟ್ಟಳು. ಕೇರಿಗೆಲ್ಲ ದೊಡ್ಡ ಮೊಬೈಲು ಬಂದರೂ ಇವಳದು ಒತ್ತುವ ಗುಂಡಿಯ ಹಳೆಯ ಫೋನೇ.

ಅವಳಿಗೆ ಬೇಕಾಗಿದ್ದುದು ಒಂದೇ. ಅಕ್ಕ ಇನ್ನೊಮ್ಮೆ ತನ್ನ ಕಡೆ ಬೆನ್ನು ತಿರುಗಿಸಿ ಕುಳಿತು, “ಹ್ಯಾಂಗಿತ್ತ್ ಕಾಣ್” ಎನ್ನಬೇಕು. ಪುಷ್ಪಕ್ಕ ಬಂದುಹೋದ ಮಾರನೆಯ ಬೆಳಿಗ್ಗೆ ಶ್ರೀಲತಾ ಯಾವಾಗಿನಂತೆ ಎಣ್ಣೆಯ ಬಟ್ಟಲು ಹಿಡಿದು ಬಚ್ಚಲ ಬಾಗಿಲಿಗೆ ಹೋಗಿದ್ದಳು. ರತ್ನ ಬಟ್ಟಲು ತೆಗೆದುಕೊಂಡಳು, ಬಾಗಿಲು ಹಾಕಿಕೊಂಡಳು, ಚಿಲಕ ಹಾಕಿದ ಸದ್ದು ಬಾವಿಕಟ್ಟೆಗೂ ಕೇಳಿತು. ತೆಂಗಿನ ಚಿಪ್ಪಿನ ಸೌಟೊಂದರ ಹಿಡಿಗೆ ಬಟ್ಟೆಯ ಚೂರು ಸುತ್ತಿ ಅದನ್ನು ಎಣ್ಣೆಯಲ್ಲಿ ಅದ್ದಿ ತಾನೇ ಬೆನ್ನಿಗೆ ಹಚ್ಚಿಕೊಳ್ಳುತ್ತಿದ್ದಳು. ಸರಿಯಾದ ಜಾಗಕ್ಕೆ ತಾಗುತ್ತಿತ್ತೋ ಇಲ್ಲವೋ ಅವಳಿಗೂ ತಿಳಿಯದು. ಇಬ್ಬರೂ ಒಂದೇ ಮನೆಯಲ್ಲಿ ಉಣ್ಣುತ್ತಾರೆ, ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎನ್ನುತ್ತಾರೆ, ಜ್ವರ ಬಂದರೆ ಒಬ್ಬರ ತಲೆಗೆ ಇನ್ನೊಬ್ಬರು ಪಟ್ಟಿ ಹಾಕುತ್ತಾರೆ. ಬೆನ್ನು ಮಾತ್ರ ಇಲ್ಲ.

ಬಿಳಿ ಹರಡಿತು. ಮೊದಲು ಕುತ್ತಿಗೆಗೆ, ಆಮೇಲೆ ಕೈಗೆ, ತುಟಿಗೆ. ರತ್ನ ಮೀನು ಒಣಗಿಸುವ ಅಂಗಳಕ್ಕೆ ಕೆಲಸಕ್ಕೆ ಹೋಗುವವಳು. ಬಿಸಿಲಿಗೆ ಬಿಳಿಯಾದ ಚರ್ಮ ಸುಟ್ಟು ಕೆಂಪಾಗುವುದು. ಪಂಡಿತರ ಎಣ್ಣೆ ನಿಂತು ಎಷ್ಟೋ ಕಾಲವಾಗಿದೆ. ಈಗ ಬಟ್ಟಲಲ್ಲಿ ಇರುವುದು ಬರೀ ತೆಂಗಿನೆಣ್ಣೆ, ಉರಿ ತಣಿಯಲಿ ಎಂದು. ಅಡಗಿಸಿಡುವುದಕ್ಕೆ ಈಗ ಏನೂ ಉಳಿದಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಎಲ್ಲರೂ ನೋಡುತ್ತಾರೆ. ಆದರೂ ಬಚ್ಚಲ ಚಿಲಕ ಬೀಳುವುದು ತಪ್ಪಲಿಲ್ಲ.

ಆ ಸಂಜೆಗೆ ಬರುತ್ತೇನೆ. ಶ್ರೀಲತಾ ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಿದಳು. ಬಾವಿಯಿಂದ ಕೊಡ ಹೊತ್ತು ರತ್ನ ನಮ್ಮ ಜಗಲಿಯ ಬದಿಗೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೊಡದ ನೀರು ತುಳುಕಿ ಸೆರಗು ಒದ್ದೆಯಾಗಿತ್ತು.

ಶ್ರಾವ್ಯ ಮೊಬೈಲು ತಿರುಗಿಸಿ ನಮ್ಮ ಕಡೆ ಹಿಡಿದು, “ಕಾಣಿ, ಅಳ್ಸ್ತೆ” ಎಂದಳು. ಬೆರಳು ಒತ್ತಿ ಹಿಡಿದಳು. ಬರೆದದ್ದೆಲ್ಲ ಒಂದೊಂದೇ ಅಕ್ಷರವಾಗಿ ಹಿಂದಿನಿಂದ ಹೋಗಿ ಜಾಗ ಬಿಳಿಯಾಯಿತು.

ರತ್ನ ಬಗ್ಗಿ ಅದನ್ನು ನೋಡಿದಳು. ಅವಳು ಶಾಲೆಗೆ ಹೋದದ್ದು ಕಡಿಮೆ, ಇಂಥದ್ದನ್ನು ಮುಟ್ಟಿದವಳೂ ಅಲ್ಲ.

“ಹಾಂಗ್ ಅಳ್ಸುಕೆ ಆತ್ತಾ?” ಎಂದಳು. ಆಮೇಲೆ ತಂಗಿಯ ಕಡೆ ತಿರುಗಿದಳು. “ನಂದೂ ಅಳ್ಸುಕೆ ಆತ್ತಾ?”

ಹತ್ತು ವರ್ಷದಲ್ಲಿ ಅವಳು ಆ ವಿಷಯ ಎತ್ತಿದ್ದು ಅದೇ ಮೊದಲು. ಶ್ರೀಲತಾ ಸುಳ್ಳು ಹೇಳಬಹುದಿತ್ತು, ಆಗುತ್ತದೆ ಅಂತ. ರತ್ನ ನಂಬುತ್ತಿದ್ದಳು.

“ಕಳ್ಸುಕ್ ಮುಂಚೆ ಆತ್ತ್ ಅಕ್ಕ. ಕಳ್ಸಿದ್ ಮೇಲೆ ನಮ್ ಕೈಯಲ್ಲಿಲ್ಲೆ.”

“ಇನ್ನೂ ಇಪ್ಪುದಾ ಹಾಂಗಾರೆ? ಅದ್ರೊಳಗೆ?”

“ಗೊತ್ತಿಲ್ಲೆ. ಎಲ್ಲೋ ಒಂದ್ ಕಡಿ ಇಪ್ಪುಕೂ ಸಾಕ್.”

ರತ್ನ ತಲೆ ಆಡಿಸಿದಳು. “ಅಷ್ಟೊತ್ತಿಗೆ ಚಿಪ್ಪಿನಷ್ಟೇ ಇದ್ದಿತ್ತ್ ಅಲ್ದಾ” ಎಂದಳು, ಯಾರಿಗೂ ಅಲ್ಲ ಎನ್ನುವ ಹಾಗೆ. ಕೊಡ ಸರಿಮಾಡಿಕೊಂಡು ಮನೆಯ ಕಡೆ ಹೋದಳು. ಶ್ರೀಲತಾ ಮುಖಕ್ಕೆ ಸೆರಗು ಒತ್ತಿಕೊಂಡು ಕುಳಿತಳು. ನಾನು ಅವಳ ಬೆನ್ನು ಸವರಿದೆ. ಶ್ರಾವ್ಯ ಮೊಬೈಲನ್ನು ಕವುಚಿ ಹಾಕಿ, ನನ್ನ ಮೊರದ ಕಾಳು ಆರಿಸಲು ಕುಳಿತಳು.

ಮಾರನೆಯ ಬೆಳಿಗ್ಗೆ ನಾನು ನೀರು ಸೇದಲು ಹೋದಾಗ ಶ್ರೀಲತಾ ಒಲೆಯ ಬೂದಿಯ ಮೇಲೆ ಎಣ್ಣೆಯ ಬಟ್ಟಲು ಇಟ್ಟು ಬೆಚ್ಚಗೆ ಮಾಡುತ್ತಿದ್ದಳು. ಬೆರಳು ಅದ್ದಿ ನೋಡಿ, ಹದವಾದ ಮೇಲೆ ಬಚ್ಚಲ ಮೆಟ್ಟಿಲ ಮೇಲೆ ತಂದಿಟ್ಟಳು. ಇಟ್ಟವಳು ಅಲ್ಲೇ ಒಂದು ಗಳಿಗೆ ನಿಂತಳು. ದಿನವೂ ಹಾಗೆ ನಿಲ್ಲುವವಳೇ. ಆ ದಿನ ಸ್ವಲ್ಪ ಹೆಚ್ಚು ಹೊತ್ತು ನಿಂತಳೋ ಏನೋ. ರತ್ನ ಹೆಗಲ ಮೇಲೆ ಬೈರಾಸು ಹಾಕಿಕೊಂಡು ಬಂದಳು, ಬಗ್ಗಿ ಬಟ್ಟಲು ಎತ್ತಿಕೊಂಡಳು. ಅವಳೂ ಬಾಗಿಲಲ್ಲಿ ನಿಂತಳು. ತಂಗಿಯ ಮುಖ ನೋಡಿದಳು.

“ಇವತ್ತ್ ಬಂಗುಡೆ ಅಲ್ದಾ?” ಎಂದಳು. “ಹುಳಿ ಒಂಚೂರ್ ಜಾಸ್ತಿ ಹಾಕ್.”

ಒಳಗೆ ಹೋದಳು. ಚಿಲಕ ಬಿತ್ತು.

ಶ್ರೀಲತಾ ಅಂಗಳದ ಮೂಲೆಯಲ್ಲಿ ಮೆಟ್ಟುಕತ್ತಿ ಹಾಕಿಕೊಂಡು ಕುಳಿತಳು. ಬುಟ್ಟಿಯಿಂದ ಬಂಗುಡೆ ಒಂದೊಂದನ್ನೇ ಎತ್ತಿ ತಲೆ ತೆಗೆದಳು, ಹೊಟ್ಟೆ ಸೀಳಿ ಶುದ್ಧ ಮಾಡಿದಳು, ಪಾತ್ರೆಯ ನೀರಿಗೆ ಹಾಕಿದಳು. ಕಾದು ಕುಳಿತ ಬೆಕ್ಕಿಗೆ ಒಂದು ತಲೆ ಎಸೆದಳು. ನೀರು ಕೆಂಪಾದಾಗ ಚೆಲ್ಲಿ, ಬೇರೆ ನೀರು ಹೊಯ್ದು, ಇನ್ನೊಮ್ಮೆ ತೊಳೆಯತೊಡಗಿದಳು.